ಉಬ್ಬಸದ ಔಷಧಿ ಕೊಡುವ ಮುನ್ನ: ನರ್ಸಿಂಗ್ ವಿದ್ಯಾರ್ಥಿಗಳಿಗೆ

ಔಷಧಿ ಬರೆಯುವವರು ವೈದ್ಯರು. ನರ್ಸಿಂಗ್ ವಿದ್ಯಾರ್ಥಿಗೆ ಆ ಅಧಿಕಾರವಿಲ್ಲ. ಆದರೂ ಬರೆದ ಔಷಧಿ ರೋಗಿಯನ್ನು ತಲುಪುವುದು ನಿಮ್ಮ ಕೈಯಿಂದಲೇ. ಉಬ್ಬಸದ ಔಷಧಿಗಳಲ್ಲಿ ಇನ್ನೊಂದು ತೊಡಕಿದೆ: ಚೀಟಿ, ಔಷಧಿ, ಪ್ರಮಾಣ ಎಲ್ಲವೂ ಸರಿಯಿದ್ದು ಸೇದುವ ಕ್ರಮವೊಂದು ತಪ್ಪಿದರೆ ಅದು ಗಂಟಲಲ್ಲೇ ಉಳಿದು ಶ್ವಾಸಕೋಶಕ್ಕೆ ಇಳಿಯುವುದೇ ಇಲ್ಲ.

ಮದ್ದೂರು ಕಡೆಯ ಅಜ್ಜಿಯೊಬ್ಬರು ಮೂರು ತಿಂಗಳಲ್ಲಿ ಎರಡನೆಯ ಸಲ ಏದುಸಿರು ಬಿಡುತ್ತಾ ವಾರ್ಡಿಗೆ ಬಂದಿದ್ದರು. ಹಿಂದಿನ ಸಲ ಬಿಡುಗಡೆಯ ದಿನ ರೋಟಾಹೇಲರ್ (ಕ್ಯಾಪ್ಸೂಲಿನೊಳಗಿನ ಪುಡಿಯನ್ನು ಸೇದುವ ಸಾಧನ) ಬಳಸುವುದನ್ನು ವಿವರಿಸಿದವಳು ನಾನೇ. ಈ ಸಲ ನನ್ನ ವಿದ್ಯಾರ್ಥಿನಿ "ಅಜ್ಜಿ, ಔಷಧಿ ಹೆಂಗೆ ತಗೋತೀರಿ, ಒಂದ್ಸಲ ತೋರ್ಸಿ" ಎಂದಾಗ ಅವರು ಕ್ಯಾಪ್ಸೂಲ್ ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈ ಚಾಚಿದರು. "ದಿನಾ ಎರಡೊತ್ತೂ ತಪ್ಪುಸ್ದಂಗೆ ನುಂಗ್ತೀನಿ ಕಣವ್ವ" ಎಂದರು. ರೋಟಾಹೇಲರ್ ಡಬ್ಬಿಯಿಂದ ಆಚೆಗೇ ಬಂದಿರಲಿಲ್ಲ. ನಾನು ಹೇಳಿಕೊಟ್ಟಿದ್ದೆನೇ ಹೊರತು ಅವರಿಂದ ಮಾಡಿಸಿ ನೋಡಿರಲಿಲ್ಲ. ಆದ್ದರಿಂದ "ಗೊತ್ತಾಯ್ತಾ?" ಎಂದು ಕೇಳಬೇಡಿ, "ತೋರಿಸಿ" ಎನ್ನಿ.

ತೋರಿಸುವಾಗ ಗಮನಿಸಬೇಕಾದದ್ದು ಸಾಧನಕ್ಕೆ ತಕ್ಕಂತೆ ಬದಲಾಗುತ್ತದೆ. ಸ್ಪ್ರೇ ರೂಪದ ಇನ್‌ಹೇಲರನ್ನು ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಒತ್ತುವಾಗಲೇ ನಿಧಾನವಾಗಿ ಆಳಕ್ಕೆಳೆದು, ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಪುಡಿಯ ಸಾಧನದಲ್ಲಿ ಎಳೆತವೇ ಪುಡಿಯನ್ನು ಮೇಲೆಬ್ಬಿಸುವುದರಿಂದ ಜೋರಾಗಿ, ಒಂದೇ ದಮ್ಮಿಗೆ ಸೇದಬೇಕು. ಸಾಧನದೊಳಕ್ಕೆ ಉಸಿರು ಬಿಟ್ಟರೆ ಪುಡಿ ಒದ್ದೆಯಾಗುತ್ತದೆ. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸಲಾಗದ ಮಕ್ಕಳಿಗೆ, ವಯಸ್ಸಾದವರಿಗೆ ಸ್ಪೇಸರ್, ಅಂದರೆ ಇನ್‌ಹೇಲರಿಗೆ ಸಿಕ್ಕಿಸುವ ಟೊಳ್ಳು ಕೊಳವೆ, ಬೇಕು. ಅದಕ್ಕೆ ಒಮ್ಮೆಗೆ ಒಂದೇ ಪಫ್ ಹಾಕಬೇಕು. ತೊಳೆದ ಸ್ಪೇಸರನ್ನು ಬಟ್ಟೆಯಿಂದ ಒರೆಸದೆ ಹಾಗೇ ಒಣಗಲು ಬಿಡಬೇಕು, ಏಕೆಂದರೆ ಉಜ್ಜಿದಾಗ ಹುಟ್ಟುವ ಸ್ಥಾಯೀ ವಿದ್ಯುತ್ತಿನಿಂದ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ.

ಇನ್ನು ಡ್ರಗ್ ಚಾರ್ಟ್. ಕಟ್ಟಿದ ಉಸಿರನ್ನು ತಕ್ಷಣ ಬಿಡಿಸುವ ಸಾಲ್ಬ್ಯುಟಮಾಲ್ 2.5 ಮಿಲಿಗ್ರಾಂ ನೆಬ್ಯುಲೈಸ್ ಮಾಡಿ (ಯಂತ್ರದಿಂದ ಮಂಜಾಗಿಸಿ ಸೇದಿಸಿ) ಎಂದು ಬರೆದಿದೆ ಎನ್ನಿ. ಒಂದು ಸಲಕ್ಕಾಗುವ ಪುಟ್ಟ ಪ್ಲಾಸ್ಟಿಕ್ ಕುಪ್ಪಿಯಾದ ರೆಸ್ಪ್ಯೂಲ್ ಆದರೆ 2.5 ಮಿಲಿಲೀಟರಿನಲ್ಲಿ 2.5 ಮಿಲಿಗ್ರಾಂ ಇರುವುದರಿಂದ ಅಂಕಿಗಳು ಹೊಂದುತ್ತವೆ, ಲೆಕ್ಕವೇ ಬೇಕಿಲ್ಲ. ಬಾಟಲಿಯ ದ್ರಾವಣದಲ್ಲಾದರೆ ಪ್ರತಿ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುತ್ತದೆ, ಬೇಕಾದದ್ದು 0.5 ಮಿಲಿಲೀಟರ್ ಮಾತ್ರ, ಉಳಿದದ್ದನ್ನು ನಾರ್ಮಲ್ ಸಲೈನಿನಿಂದ ತುಂಬಬೇಕು. ಅಭ್ಯಾಸಬಲದಿಂದ 2.5 ಮಿಲಿಲೀಟರ್ ಎಳೆದರೆ ರೋಗಿಗೆ 12.5 ಮಿಲಿಗ್ರಾಂ, ಅಂದರೆ ಐದು ಪಟ್ಟು ಹೋಗುತ್ತದೆ. ಶ್ವಾಸನಾಳ ಸಡಿಲಿಸುವ ಇನ್ನೊಂದು ಔಷಧಿ ಇಪ್ರಾಟ್ರೋಪಿಯಂ 500 ಮೈಕ್ರೋಗ್ರಾಂ ಎಂಬಲ್ಲಿ "ಮೈಕ್ರೋ" ಎಂಬುದನ್ನು ಬಿಡಿಸಿ ಓದಿ. ಈ ಎರಡೂ ಬಗೆಯ ಔಷಧಿ ಸೇರಿದ ರೆಸ್ಪ್ಯೂಲ್ ಬರೆದಿದ್ದು ಅದೇ ಹೊತ್ತಿಗೆ ಸಾಲ್ಬ್ಯುಟಮಾಲನ್ನೂ ಪ್ರತ್ಯೇಕವಾಗಿ ಬರೆದಿದ್ದರೆ, ಒಂದೇ ಬಗೆಯ ಔಷಧಿ ಎರಡು ಸಲ ಬಿದ್ದಿದೆಯೇ ಎಂದು ಡ್ಯೂಟಿ ಡಾಕ್ಟರನ್ನು ಕೇಳಿ. ಕೇಳಿದರೆ ಗದರುತ್ತಾರೆ ಎಂಬ ಅಳುಕು ನನಗೆ ಗೊತ್ತು. ಇನ್‌ಚಾರ್ಜ್ ಸಿಸ್ಟರನ್ನು ಜೊತೆಗಿಟ್ಟುಕೊಂಡಾದರೂ ಕೇಳಿ.

ಮಂಚದ ಬಳಿ ಹೋದಾಗ ರೋಗಿಯ ಚೀಲವನ್ನೂ ನೋಡಿ. ರಕ್ತದೊತ್ತಡಕ್ಕೋ ಕೈ ನಡುಕಕ್ಕೋ ಪ್ರೊಪ್ರನಲಾಲ್, ಗ್ಲಾಕೋಮಾಗೆ ಟಿಮೋಲಾಲ್ ಕಣ್ಣಿನ ಹನಿ ಬಳಸುತ್ತಿದ್ದರೆ ಅವೇ ಉಬ್ಬಸವನ್ನು ಕೆರಳಿಸಬಲ್ಲವು. ಕಣ್ಣಿಗೆ ಬಿಡುವ ಹನಿಯನ್ನು ಜನ ಔಷಧಿಯೆಂದೇ ಎಣಿಸುವುದಿಲ್ಲ, ಹಾಗಾಗಿ ಹೆಸರು ಹಿಡಿದೇ ಕೇಳಬೇಕು. ಕೆಲವರಿಗೆ ಆಸ್ಪಿರಿನ್ ಮತ್ತು ಅಂಥ ನೋವಿನ ಮಾತ್ರೆಗಳಿಂದಲೂ ಉಸಿರು ಕಟ್ಟುತ್ತದೆ. ಆಲೆಮನೆಯ ಒಲೆಯ ಮುಂದೆ ದುಡಿಯುವವರೇ, ಕಬ್ಬಿನ ತರಗು ಸುಡುವ ಕಾಲದಲ್ಲಿ ಹೆಚ್ಚಾಯಿತೇ, ಬೀಡಿ ಸೇದುತ್ತಾರೆಯೇ ಎಂಬುದನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ.

ನೆಬ್ಯುಲೈಸ್ ಮಾಡುವಾಗ ರೋಗಿಯನ್ನು ನೆಟ್ಟಗೆ ಕೂರಿಸಿ. ಮಾಸ್ಕ್ ಸಡಿಲವಾಗಿದ್ದರೆ ಇಪ್ರಾಟ್ರೋಪಿಯಂ ಕಣ್ಣಿಗೆ ತಾಗಿ ಗ್ಲಾಕೋಮಾ ಉಲ್ಬಣಿಸಬಹುದು. ಕೊಡುವ ಮೊದಲು ಮತ್ತು ಕೊಟ್ಟ ಮೇಲೆ ನಾಡಿ, ಉಸಿರಿನ ದರ, ಆಕ್ಸಿಜನ್ ಪ್ರಮಾಣವನ್ನು ದಾಖಲಿಸಿ. ಸಾಲ್ಬ್ಯುಟಮಾಲಿನಿಂದ ಕೈ ನಡುಗುವುದು, ಎದೆ ಬಡಿದುಕೊಳ್ಳುವುದು ಸಾಮಾನ್ಯ; ಮತ್ತೆಮತ್ತೆ ಕೊಟ್ಟಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಸುಯ್‌ಗುಡುವ ಶಬ್ದ ನಿಂತಿತೆಂದು ಸಮಾಧಾನಪಡಬೇಡಿ. ರೋಗಿ ಮಂಕಾಗಿ, ಮಾತಾಡಲಾರದೆ, ಎದೆಯಲ್ಲಿ ಗಾಳಿಯ ಸದ್ದೇ ಕೇಳದಿದ್ದರೆ ಅದು ಪ್ರಾಣಾಪಾಯದ ಲಕ್ಷಣ. ಹಾಸಿಗೆ ಬಿಟ್ಟು ಕದಲದೆ ವೈದ್ಯರನ್ನು ಕೂಗಿ ಕರೆಯಿರಿ.

ಆಕ್ಸಿಜನ್ ಕೂಡ ಔಷಧಿಯೇ. ಉಬ್ಬಸದ ವಯಸ್ಕರಲ್ಲಿ ರಕ್ತದ ಆಕ್ಸಿಜನ್ ಮಟ್ಟಕ್ಕೆ ಸಾಮಾನ್ಯವಾಗಿ ಶೇ. 94ರಿಂದ 98 ಗುರಿಯಾದರೆ, ಬಹುಕಾಲ ಬೀಡಿ ಸೇದಿಯೋ ಸೌದೆ ಒಲೆಯ ಹೊಗೆ ಕುಡಿದೋ ಸಿಒಪಿಡಿ (ಶ್ವಾಸನಾಳ ಕಾಯಂ ಕಿರಿದಾಗುವ ಕಾಯಿಲೆ) ಬಂದು ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವ ಅಪಾಯವಿರುವವರಲ್ಲಿ ಶೇ. 88ರಿಂದ 92 ಸಾಕು. ಅಂಥವರಿಗೆ ನೆಬ್ಯುಲೈಸರನ್ನು ಆಕ್ಸಿಜನ್ ಬದಲು ಕಂಪ್ರೆಸರ್ ಗಾಳಿಯಿಂದ ನಡೆಸಬೇಕೇ ಎಂದು ಕೇಳಿಕೊಳ್ಳಿ.

ಶ್ವಾಸನಾಳ ಸಡಿಲಿಸುವ ಥಿಯೋಫಿಲಿನ್ ಇರುವ ಚುಚ್ಚುಮದ್ದು ನಮ್ಮ ಕಡೆ ಇನ್ನೂ ಬಳಕೆಯಲ್ಲಿದೆ. ಅದರಲ್ಲಿ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಮನೆಯಲ್ಲಿ ಅದೇ ಮಾತ್ರೆ ನುಂಗಿ ಬಂದಿದ್ದಾರೆಯೇ, ಸಿಪ್ರೊಫ್ಲಾಕ್ಸಸಿನ್ ಅಥವಾ ಎರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆಗಿದೆಯೇ ಎಂದು ನೋಡಿ. ಇವೆರಡೂ ಅದರ ಮಟ್ಟವನ್ನು ಏರಿಸುತ್ತವೆ. ಅವಸರದಲ್ಲಿ ತಳ್ಳಿದರೆ ಹೃದಯದ ಲಯ ತಪ್ಪಬಹುದು. ವಾಂತಿ, ನಡುಕ, ಏರುವ ನಾಡಿ ಕಂಡೊಡನೆ ನಿಲ್ಲಿಸಿ ತಿಳಿಸಿ. ಉಬ್ಬಸ ತಡೆಯಲು ನುಂಗುವ ಮಾಂಟೆಲುಕಾಸ್ಟ್ ವಿಷಯದಲ್ಲಿ ಒಂದೇ ಮಾತು: ಮಗುವಿನ ನಿದ್ರೆ, ನಡವಳಿಕೆ ಬದಲಾಯಿತೇ ಎಂದು ತಾಯಿಯನ್ನು ಕೇಳಿ.

ಬಿಡುಗಡೆಯ ದಿನ ಉಬ್ಬಸ ಬರದಂತೆ ತಡೆಯುವ ಇನ್‌ಹೇಲರ್ ಯಾವುದು, ಕಟ್ಟಿದ ಉಸಿರನ್ನು ತಕ್ಷಣ ಬಿಡಿಸುವ ಇನ್‌ಹೇಲರ್ ಯಾವುದು ಎಂದು ಬೇರೆಬೇರೆ ಬಣ್ಣದ ಪಟ್ಟಿ ಅಂಟಿಸಿ ಕೊಡಿ. ಸಾಲ್ಬ್ಯುಟಮಾಲ್ ಒಂದನ್ನೇ ನೆಚ್ಚಿಕೊಂಡಿರುವುದು ಸುರಕ್ಷಿತವಲ್ಲವೆಂದು ಜಾಗತಿಕ ಉಬ್ಬಸ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. ಸ್ಟೀರಾಯ್ಡ್ ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಡಬ್ಬಿ ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವುದನ್ನು ನಂಬಬೇಡಿ. 200 ಪಫ್‌ಗಳ ಡಬ್ಬಿಯಲ್ಲಿ ದಿನಕ್ಕೆ 8 ಪಫ್ ಆದರೆ 25 ದಿನ ಬರುತ್ತದೆ. ಶುರುಮಾಡಿದ ದಿನವನ್ನೂ ಮುಗಿಯುವ ದಿನವನ್ನೂ ಡಬ್ಬಿಯ ಮೇಲೆಯೇ ಪೆನ್ನಿನಲ್ಲಿ ಬರೆದುಕೊಡಿ.