ಆಕರಪಟ್ಟಿಯ ಸಂಖ್ಯೆಗಳನ್ನು ನಾನು ಪರಿಶೀಲಿಸುವ ಬಗೆ

ಸಂಶೋಧನ ಲೇಖನಗಳ ಕೊನೆಯಲ್ಲಿರುವ ಆಕರಪಟ್ಟಿಗಳನ್ನು ಪರಿಶೀಲಿಸಿ ತಿದ್ದುವುದು ನನ್ನ ನಿತ್ಯದ ಕೆಲಸ. ಪುಸ್ತಕಕ್ಕೆ ಐಎಸ್‌ಬಿಎನ್, ನಿಯತಕಾಲಿಕಕ್ಕೆ ಐಎಸ್‌ಎಸ್‌ಎನ್, ಲೇಖನಕ್ಕೆ ಡಿಒಐ ಎಂಬ ಗುರುತಿನ ಸಂಖ್ಯೆ ಇರುತ್ತದೆ ಎಂಬಷ್ಟು ತಿಳಿದಿದ್ದರೆ ಕೆಲಸ ಆರಂಭಿಸಲು ಸಾಕು. ಆದರೆ ನನ್ನ ಮೇಜಿಗೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಸರಿಯಾದ ಸಂಖ್ಯೆಯನ್ನೇ ತಪ್ಪು ವಸ್ತುವಿಗೆ ಅಂಟಿಸಿದ್ದರಿಂದ ಹುಟ್ಟಿದವು. ಆದ್ದರಿಂದ ಯಾವ ಸಂಖ್ಯೆ ಎದುರಾದರೂ, ಅದರ ಅಂಕಿಗಳನ್ನು ಎಣಿಸುವ ಮೊದಲು, ಅದು ಯಾವುದನ್ನು ಗುರುತಿಸಲು ಕೊಟ್ಟದ್ದು ಎಂದು ನೋಡಿಕೊಳ್ಳುತ್ತೇನೆ.

ಐಎಸ್‌ಬಿಎನ್ ಒಂದು ಕೃತಿಯ ಒಂದು ಆವೃತ್ತಿಯ ಒಂದು ರೂಪವನ್ನು ಮಾತ್ರ ಗುರುತಿಸುತ್ತದೆ. ಗಟ್ಟಿ ರಟ್ಟಿನ ಪ್ರತಿ, ಪೇಪರ್‌ಬ್ಯಾಕ್, ಇ-ಪುಸ್ತಕ ಇವುಗಳಿಗೆ ಬೇರೆ ಬೇರೆ ಸಂಖ್ಯೆಗಳಿರುತ್ತವೆ. ಪರಿಷ್ಕೃತ ಆವೃತ್ತಿಗೂ ಹೊಸ ಸಂಖ್ಯೆಯೇ ಬೇಕು. ಏನನ್ನೂ ಬದಲಿಸದೆ ಮರುಮುದ್ರಿಸಿದರೆ ಅಥವಾ ಬೆಲೆಯನ್ನಷ್ಟೇ ಏರಿಸಿದರೆ ಹಳೆಯದೇ ಮುಂದುವರಿಯುತ್ತದೆ. ಲೇಖಕರು ಪುಟಸಂಖ್ಯೆಯನ್ನು ತಮ್ಮ ಕೈಯಲ್ಲಿರುವ ಪ್ರತಿಯಿಂದ ತೆಗೆದುಕೊಂಡು, ಐಎಸ್‌ಬಿಎನ್ ಅನ್ನು ಮಾತ್ರ ಜಾಲದಲ್ಲಿ ಮೊದಲು ಕಂಡ ಕಡೆಯಿಂದ ನಕಲಿಸಿದಾಗ, ಒಂದೇ ನಮೂದಿನಲ್ಲಿ ಎರಡು ಆವೃತ್ತಿಗಳು ಬೆರೆತುಹೋಗುತ್ತವೆ. ಇಂಥಲ್ಲಿ ಶೀರ್ಷಿಕೆ ಪುಟದ ಹಿಂಬದಿಯ ಹಕ್ಕುಸ್ವಾಮ್ಯ ವಿವರವನ್ನೇ ನಾನು ಪ್ರಮಾಣವೆಂದು ಹಿಡಿಯುತ್ತೇನೆ.

1967ರಲ್ಲಿ ಬ್ರಿಟನ್ನಿನಲ್ಲಿ ಒಂಬತ್ತು ಅಂಕಿಗಳ ಪುಸ್ತಕಸಂಖ್ಯೆಯಾಗಿ ಆರಂಭವಾದ ಈ ಕ್ರಮ 1970ರಲ್ಲಿ ಹತ್ತು ಅಂಕಿಗಳ ಅಂತರರಾಷ್ಟ್ರೀಯ ಮಾನಕವಾಯಿತು. 2007ರ ಜನವರಿ 1ರಿಂದ ಹದಿಮೂರು ಅಂಕಿಗಳು ಬಂದವು. ಹಳೆಯ ಸಂಖ್ಯೆಯ ಮುಂದೆ 978 ಸೇರಿಸಿಬಿಟ್ಟರೆ ಹೊಸದಾಗುತ್ತದೆ ಎಂದು ತಿಳಿದವರು ಅನೇಕರಿದ್ದಾರೆ. ಕೊನೆಯದು, ಬರೆಯುವಾಗಿನ ತಪ್ಪನ್ನು ಹಿಡಿಯಲು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟ ತಪಾಸಣೆಯ ಅಂಕಿಯಾದ್ದರಿಂದ ಅದನ್ನು ಮತ್ತೆ ಲೆಕ್ಕ ಹಾಕಲೇಬೇಕು. ಉದಾಹರಣೆಗೆ 0-306-40615-2 ಎಂಬುದು 978-0-306-40615-7 ಆಗುತ್ತದೆ. 979ರಿಂದ ಆರಂಭವಾಗುವ ಸಂಖ್ಯೆಗಳಿಗೆ ಹತ್ತಂಕಿಯ ರೂಪವೇ ಇಲ್ಲ. ಯಾರಾದರೂ ಕೊಟ್ಟಿದ್ದರೆ ಅದು ತಪ್ಪೆಂದು ನೋಡಿದೊಡನೆ ಹೇಳಬಹುದು.

ಐಎಸ್‌ಎಸ್‌ಎನ್ ಇಡೀ ನಿಯತಕಾಲಿಕದ ಹೆಸರಿಗೆ ಸೇರಿದ್ದು. ಯಾವ ಸಂಪುಟ, ಯಾವ ಸಂಚಿಕೆ, ಯಾವ ಲೇಖನ ಎಂಬುದನ್ನು ಅದು ಹೇಳುವುದಿಲ್ಲ. ಐಎಸ್‌ಬಿಎನ್‌ನಲ್ಲಿರುವಂತೆ ಪ್ರಕಾಶಕರ ಸುಳಿವೂ ಅದರ ಎಂಟು ಸ್ಥಾನಗಳಲ್ಲಿ ಅಡಗಿಲ್ಲ. ಪತ್ರಿಕೆಯ ಹೆಸರು ಗಣನೀಯವಾಗಿ ಬದಲಾದರೆ ಹೊಸ ಸಂಖ್ಯೆ ಬರುತ್ತದೆ, ಮುದ್ರಿತ ಮತ್ತು ಆನ್‌ಲೈನ್ ರೂಪಗಳಿಗೆ ಪ್ರತ್ಯೇಕ ಸಂಖ್ಯೆಗಳಿರುತ್ತವೆ. ನೇಚರ್ ಪತ್ರಿಕೆಯ ಮುದ್ರಿತ ರೂಪಕ್ಕೆ 0028-0836, ಆನ್‌ಲೈನ್ ರೂಪಕ್ಕೆ 1476-4687. ಎರಡನ್ನು ಕಂಡು ಒಂದು ತಪ್ಪಿರಬೇಕೆಂದು ಅಳಿಸಿಹಾಕುವುದು ಸರಿಯಲ್ಲ. ಸರಣಿಯಲ್ಲಿ ಪ್ರಕಟವಾದ ಪುಸ್ತಕದ ಮೇಲೆ ಸರಣಿಯ ಐಎಸ್‌ಎಸ್‌ಎನ್ ಮತ್ತು ಆ ಪುಸ್ತಕದ ಐಎಸ್‌ಬಿಎನ್ ಎರಡೂ ಇರಬಹುದು.

ಐಎಸ್‌ಎಸ್‌ಎನ್‌ನ ತಪಾಸಣೆಯನ್ನು ನಾನು ಕಾಗದದ ಮೇಲೆಯೇ ಮಾಡುವುದುಂಟು. ಮೊದಲ ಏಳು ಅಂಕಿಗಳನ್ನು ಎಡದಿಂದ ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಬೇಕು. 0028-083 ಎಂಬಲ್ಲಿ ಸೊನ್ನೆಗಳನ್ನು ಬಿಟ್ಟರೆ 12, 40, 24, 6 ಉಳಿಯುತ್ತವೆ, ಮೊತ್ತ 82. ಅದನ್ನು 11ರಿಂದ ಭಾಗಿಸಿದಾಗ ಶೇಷ 5. 11ರಲ್ಲಿ 5 ಕಳೆದರೆ 6, ಅದೇ ಕೊನೆಯ ಅಂಕಿ. ಹೀಗೆ ಕಳೆದಾಗ ಉತ್ತರ 10 ಬಂದರೆ ಒಂದೇ ಸ್ಥಾನದಲ್ಲಿ ಬರೆಯಲು ಸಾಧ್ಯವಿಲ್ಲದ್ದರಿಂದ ಎಕ್ಸ್ ಅಕ್ಷರವನ್ನು ಹಾಕುತ್ತಾರೆ. ಈ ಎಕ್ಸ್ ಅನ್ನು ಬೆರಳಚ್ಚಿನ ದೋಷವೆಂದು ಅಳಿಸಿದ ಪಟ್ಟಿಗಳೂ ನನಗೆ ಸಿಕ್ಕಿವೆ. ಹನ್ನೊಂದರ ಈ ಲೆಕ್ಕ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ತಪ್ಪದೆ ಹಿಡಿಯುತ್ತದೆ. ಹದಿಮೂರು ಅಂಕಿಗಳ ಐಎಸ್‌ಬಿಎನ್‌ನಲ್ಲಿ 1 ಮತ್ತು 3ರಿಂದ ಸರದಿಯಂತೆ ಗುಣಿಸಿ ಹತ್ತರ ಲೆಕ್ಕ ಹಿಡಿಯುವುದರಿಂದ, ಅದಲುಬದಲಾದ ಅಂಕಿಗಳ ವ್ಯತ್ಯಾಸ ಐದಾಗಿದ್ದರೆ, ಅಂದರೆ 16 ಇರಬೇಕಾದಲ್ಲಿ 61 ಬಂದರೆ, ತಪ್ಪು ಹಾಗೆಯೇ ನುಸುಳಿಹೋಗುತ್ತದೆ. ಹತ್ತಂಕಿಯ ಐಎಸ್‌ಬಿಎನ್‌ನಲ್ಲಿದ್ದ ಹನ್ನೊಂದರ ಹಳೆಯ ಲೆಕ್ಕವೇ ಹೆಚ್ಚು ಬಿಗಿಯಾಗಿತ್ತು ಎಂದು ನನಗೆ ಅನಿಸುತ್ತದೆ.

ಡಿಒಐಗೆ ಇಂಥ ತಪಾಸಣೆಯ ಅಂಕಿ ಇಲ್ಲ. 10 ಮತ್ತು ಒಂದು ಚುಕ್ಕೆ, ಬಳಿಕ ನೋಂದಾಯಿಸಿದವರ ಸಂಖ್ಯೆ, ಓರೆಗೆರೆ, ಅದರಾಚೆ ಪ್ರಕಾಶಕರು ತಮಗೆ ಬೇಕಾದಂತೆ ಇಟ್ಟುಕೊಂಡ ಭಾಗ. ಡಿಎನ್‌ಎ ರಚನೆಯ ಕುರಿತು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬರೆದ ಲೇಖನದ ಡಿಒಐ 10.1038 ಎಂದು ಆರಂಭವಾಗಿ, ಓರೆಗೆರೆಯ ನಂತರ 171737, ‘ಎ’ ಅಕ್ಷರ, ಸೊನ್ನೆ ಎಂದು ಮುಗಿಯುತ್ತದೆ. 171ನೆಯ ಸಂಪುಟ, 737ನೆಯ ಪುಟ ಎಂಬುದು ಅದರಲ್ಲೇ ಕಾಣುತ್ತದೆ. ಆದರೆ ಎಲ್ಲ ಡಿಒಐಗಳಲ್ಲೂ ಹೀಗೆ ಅರ್ಥ ಹುಡುಕಬಾರದು, ಮುಂಭಾಗದ ಸಂಖ್ಯೆ ಈಗಿನ ಪ್ರಕಾಶಕರನ್ನೇ ಸೂಚಿಸುತ್ತದೆ ಎಂದೂ ನಂಬಬಾರದು. ಪತ್ರಿಕೆ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋದರೂ ಹಳೆಯ ಲೇಖನಗಳ ಡಿಒಐ ಬದಲಾಗುವುದಿಲ್ಲ, ಅದು ಕರೆದೊಯ್ಯುವ ವಿಳಾಸ ಮಾತ್ರ ಬದಲಾಗುತ್ತದೆ. 2000ದಲ್ಲಿ ಆರಂಭವಾದ ಕ್ರಾಸ್‌ರೆಫ್‌ನಂಥ ನೋಂದಣಿ ಸಂಸ್ಥೆಗಳಲ್ಲಿ ಪ್ರಕಾಶಕರು ಹೊಸ ವಿಳಾಸವನ್ನು ದಾಖಲಿಸುತ್ತಾರೆ. 1953ರ ಲೇಖನಕ್ಕೂ ಡಿಒಐ ಇರುವುದು ಹಳೆಯ ಸಂಚಿಕೆಗಳಿಗೆ ಆಮೇಲೆ ಅದನ್ನು ಕೊಟ್ಟಿದ್ದರಿಂದ. ಹಾಗಾಗಿ ಹಳೆಯ ಲೇಖನವಾದರೆ ಡಿಒಐ ಇರಲಾರದು ಎಂದು ಹುಡುಕದೆ ಬಿಡುವುದಿಲ್ಲ.

ಡಿಒಐಯನ್ನು ಪರೀಕ್ಷಿಸಲು ಡಿಒಐ ಡಾಟ್ ಆರ್ಗ್ ತಾಣದಲ್ಲಿ ಅದನ್ನು ತೆರೆದೇ ನೋಡಬೇಕು. ತೆರೆಯದಿದ್ದರೆ ಮೊದಲು ಕೊನೆಯಲ್ಲಿ ಅಂಟಿಕೊಂಡ ಪೂರ್ಣವಿರಾಮವನ್ನು ತೆಗೆಯುತ್ತೇನೆ, ಬಳಿಕ ಪಿಡಿಎಫ್‌ನಲ್ಲಿ ಸಾಲು ಮುರಿದಾಗ ಸೇರಿಕೊಂಡ ಅಡ್ಡಗೆರೆಯನ್ನು ಹುಡುಕುತ್ತೇನೆ. ಬಹುಪಾಲು ಇವೆರಡರಲ್ಲೇ ಬಗೆಹರಿಯುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಲೇಖನಗಳನ್ನು ಹಾಕುವ ಪೂರ್ವಮುದ್ರಣ ತಾಣದಲ್ಲಿರುವ ಕರಡು ಪ್ರತಿಗೂ ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕೂ ಬೇರೆ ಬೇರೆ ಡಿಒಐ ಇರುತ್ತವೆ ಎಂಬುದನ್ನೂ ನೆನಪಿಟ್ಟುಕೊಳ್ಳುತ್ತೇನೆ.

ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡುವವರಿಗೆ ಒಂದು ಮಾತು: ಸಂಖ್ಯೆ ತುಂಬುವ ಮೊದಲೇ ಆ ಕಾಲಂ ಅನ್ನು ಪಠ್ಯ ರೂಪಕ್ಕೆ ಬದಲಿಸಿಕೊಳ್ಳಿ. ಇಲ್ಲವಾದರೆ ಅಡ್ಡಗೆರೆಯಿಲ್ಲದ 00280836 ಎಂಬುದು 280836 ಆಗುತ್ತದೆ, ಹದಿಮೂರಂಕಿಯ ಐಎಸ್‌ಬಿಎನ್ 9.78E+12 ಎಂಬಂಥ ದಶಮಾಂಶ ಘಾತದ ರೂಪದಲ್ಲಿ ಕಾಣುತ್ತದೆ.

ಐಎಸ್‌ಎಸ್‌ಎನ್ ಇದೆ ಎಂಬ ಕಾರಣಕ್ಕೆ ಪತ್ರಿಕೆಯೊಂದನ್ನು ಮಾನ್ಯತೆ ಪಡೆದದ್ದೆಂದು ಪರಿಗಣಿಸುವವರಿದ್ದಾರೆ. ಈ ಸಂಖ್ಯೆಯನ್ನು ಕೊಡುವಾಗ ಪತ್ರಿಕೆಯ ಗುಣಮಟ್ಟವನ್ನು ಯಾರೂ ಅಳೆಯುವುದಿಲ್ಲ, ಬೇರೆ ಪತ್ರಿಕೆಯ ಸಂಖ್ಯೆಯನ್ನು ಎತ್ತಿಕೊಂಡು ನಡೆಸುವ ನಕಲಿ ತಾಣಗಳೂ ಇವೆ; ಅನುಮಾನ ಬಂದಾಗ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಆ ಸಂಖ್ಯೆಗೆ ದಾಖಲಾದ ಹೆಸರು ಯಾವುದೆಂದು ನೋಡುತ್ತೇನೆ. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಆಕರಪಟ್ಟಿಗಳು ಬರತೊಡಗಿದ ಮೇಲೆ ಡಿಒಐ ತೆರೆದುಕೊಂಡ ಮಾತ್ರಕ್ಕೆ ನಿಲ್ಲಿಸದೆ, ಅಲ್ಲಿ ಕಾಣುವ ಶೀರ್ಷಿಕೆ, ಲೇಖಕರು ಮತ್ತು ವರ್ಷವನ್ನು ನಮೂದಿನೊಂದಿಗೆ ಹೋಲಿಸುತ್ತೇನೆ. ಹೊಂದದಿದ್ದರೆ ಶೀರ್ಷಿಕೆಯಿಂದ ಕ್ರಾಸ್‌ರೆಫ್‌ನಲ್ಲಿ ಹುಡುಕುತ್ತೇನೆ. ಅಲ್ಲಿಯೂ ಸಿಗದ ನಮೂದನ್ನು ನಾನಾಗಿ ತಿದ್ದಲು ಹೋಗದೆ, ಆಕರದ ಮೊದಲ ಪುಟದ ಪ್ರತಿಯನ್ನು ಕಳುಹಿಸುವಂತೆ ಲೇಖಕರಿಗೆ ಬರೆದು, ಅದು ಬರುವವರೆಗೆ ಲೇಖನವನ್ನು ಮುಂದಿನ ಹಂತಕ್ಕೆ ಕಳುಹಿಸದೆ ತಡೆಹಿಡಿಯುತ್ತೇನೆ.