ಸಮಾಜಶಾಸ್ತ್ರ ಪರೀಕ್ಷೆಗೆ ಕೇರಿಯಿಂದ ಚಪ್ಪರದವರೆಗೆ ಒಂದು ಸುತ್ತು

ಸಮಾಜಶಾಸ್ತ್ರ ಓದುವಾಗ ಎಲ್ಲವೂ ಗೊತ್ತಿರುವಂತೆಯೇ ಅನಿಸುತ್ತದೆ. ಜಾತಿ, ಮದುವೆ, ಹಳ್ಳಿ ಎಲ್ಲ ನೋಡಿದ್ದೇ ತಾನೇ? ಉತ್ತರ ಪತ್ರಿಕೆ ಹರಟೆಯಾಗುವುದು ಇದರಿಂದಲೇ. ಪುನರಾವರ್ತನೆಯಲ್ಲಿ ಗಟ್ಟಿ ಮಾಡಬೇಕಾದದ್ದು ಮೂರು: ಪಾರಿಭಾಷಿಕ ಪದ, ಅದನ್ನು ಹೇಳಿದವರ ಹೆಸರು, ಅಂಶಗಳ ಕ್ರಮ.

ಹತ್ತು ಅಂಕದ ಹಳೆಯ ಗಿರಾಕಿ, ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಹೇಳಿದ ಜಾತಿಯ ಆರು ಲಕ್ಷಣಗಳನ್ನು ತಗೊಳ್ಳಿ. ಬೇಲೂರು, ಆಲೂರು ಕಡೆಯ ಯಾವುದಾದರೂ ಹಳ್ಳಿಯನ್ನು ಮನಸ್ಸಿನಲ್ಲೇ ಸುತ್ತಿ. ಊರೊಳಗೆ ಕಾಲಿಟ್ಟರೆ ಬೇರೆ ಬೇರೆ ಕೇರಿಗಳು: ಸಮಾಜದ ಖಂಡಾತ್ಮಕ ವಿಭಜನೆ, ಅಂದರೆ ಸಮಾಜ ಬೇರೆ ಬೇರೆ ಗುಂಪುಗಳಾಗಿ ಒಡೆದಿರುವುದು. ಜಗಲಿಯ ಮೆಟ್ಟಿಲು: ಮೇಲು-ಕೀಳಿನ ಶ್ರೇಣೀಕರಣ. ಅಡುಗೆಮನೆ: ಊಟೋಪಚಾರ, ಒಡನಾಟದ ನಿರ್ಬಂಧ. ಊರ ಬಾವಿ: ನಾಗರಿಕ ಮತ್ತು ಧಾರ್ಮಿಕ ನಿರ್ಬಂಧ, ವಿಶೇಷ ಹಕ್ಕುಗಳು. ಕುಲುಮೆ: ವೃತ್ತಿ ಆಯ್ಕೆಯ ನಿರ್ಬಂಧ. ಕೊನೆಗೆ ಮದುವೆ ಚಪ್ಪರ: ವಿವಾಹ ನಿರ್ಬಂಧ. ಎರಡು ಸಲ ಸುತ್ತಿ, ಪುಸ್ತಕ ಮುಚ್ಚಿ ಆರನ್ನೂ ಬರೆಯಿರಿ. ಮಾರನೆಯ ಬೆಳಿಗ್ಗೆ ಒಮ್ಮೆ, ಮೂರು ದಿನ ಬಿಟ್ಟು ಇನ್ನೊಮ್ಮೆ. ಸಾಮಾನ್ಯವಾಗಿ ಜಾರಿಹೋಗುವುದು ಬಾವಿ; ಬಹಳಷ್ಟು ಮಂದಿ ಅದನ್ನು ಅಡುಗೆಮನೆಯೊಳಗೇ ಸೇರಿಸಿ ಐದಕ್ಕೇ ನಿಲ್ಲಿಸುತ್ತಾರೆ. ಯಾರ ಕೈಯ ನೀರು ಕುಡಿಯಬಹುದು ಎಂಬುದು ಒಂದು (ಅಡುಗೆಮನೆ), ಸಾರ್ವಜನಿಕ ಬಾವಿ, ದೇವಸ್ಥಾನಗಳಿಗೆ ಪ್ರವೇಶವಿಲ್ಲದಿರುವುದು ಇನ್ನೊಂದು (ಬಾವಿ).

ಬಂಧುತ್ವದ ಪಾಠಕ್ಕೆ ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆಗಿಂತ ಒಳ್ಳೆಯ ಸಾಧನವಿಲ್ಲ. ಪೆನ್ಸಿಲ್ ಹಿಡಿದು ಕೂತುಕೊಳ್ಳಿ. 'ಇಂಥವರ ಪೌತ್ರಿ, ಇಂಥವರ ಪುತ್ರಿ' ಎಂದಿದ್ದು, ಪೌತ್ರಿಯ ಮುಂದೆ ತಂದೆಯ ತಂದೆಯ ಹೆಸರಿದ್ದರೆ ಅಂಚಿನಲ್ಲಿ 'ಪಿತೃವಂಶೀಯತೆ' ಎಂದು ಬರೆಯಿರಿ. ಎರಡೂ ಕಡೆಯವರು ಒಂದೇ ಜಾತಿ, ಗೋತ್ರ ಅಥವಾ ಬೆಡಗು ಬೇರೆ ಎಂದಾದರೆ ಒಳವಿವಾಹ (ಜಾತಿಯೊಳಗೇ ಮದುವೆ), ಹೊರವಿವಾಹ (ಗೋತ್ರ ಅಥವಾ ಬೆಡಗಿನ ಹೊರಗೆ ಮದುವೆ) ಎರಡೂ ಒಂದೇ ಮದುವೆಯಲ್ಲಿ ಸಿಕ್ಕಿದವು. ಈಗ 'ಸುಖಾಗಮನ ಬಯಸುವವರು' ಪಟ್ಟಿಗೆ ಬನ್ನಿ. ರಕ್ತಸಂಬಂಧಿಗೆ 'ರ', ವಿವಾಹಸಂಬಂಧಿಗೆ 'ವಿ'. ಎಡವುವುದು ಸೋದರಮಾವನ ಹತ್ತಿರ: ವಧುವಿಗೆ ಅವನು 'ರ', ಅವಳ ಅಪ್ಪನಿಗೆ ಅವನೇ ಭಾವಮೈದ, ಅಂದರೆ 'ವಿ'. ಯಾರಿಂದ ಎಣಿಸುತ್ತಿದ್ದೇವೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಇಡೀ ಪಟ್ಟಿ ಕೆಡುತ್ತದೆ.

ಲಗ್ನಪತ್ರಿಕೆಯ ಖಾಲಿ ಬೆನ್ನನ್ನು ಕತ್ತರಿಸಿದರೆ ಚೀಟಿಗಳಾದವು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಸಂಸ್ಕೃತಾನುಕರಣ (ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸುವುದು), ಪ್ರಬಲ ಜಾತಿ, ಪಾಶ್ಚಾತ್ಯೀಕರಣ (ಪಶ್ಚಿಮದ ಜೀವನಕ್ರಮ ರೂಢಿಸಿಕೊಳ್ಳುವುದು) ಇವನ್ನು ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಆರೇಳು ಚೀಟಿಗಳಲ್ಲಿ ಬರೀ ಉದಾಹರಣೆ: ಒಂದು ಜಾತಿಯವರು ಮಾಂಸ, ಮದ್ಯ ಬಿಟ್ಟದ್ದು, ಚಿಕ್ಕಮಗಳೂರು ಕಡೆಯ ಕಾಫಿ ಪ್ಲಾಂಟರುಗಳ ಕ್ಲಬ್ ಜೀವನ, ಜನಬಲ, ಜಮೀನು, ರಾಜಕೀಯ ಬಲ ಮೂರೂ ಇರುವ ಜಾತಿ. ಕಲಸಿ, ಜೋಡಿಸಿ. ಜೋಡಿಸುವಾಗ 'ಯಾರನ್ನು ನೋಡಿ ಬದಲಾದರು?' ಎಂದು ಕೇಳಿಕೊಳ್ಳಿ. ಉತ್ತರ 'ಬ್ರಾಹ್ಮಣರನ್ನು' ಎಂದಷ್ಟೇ ಇದ್ದರೆ ಅರ್ಧ ಉತ್ತರ. ಕ್ಷತ್ರಿಯರು ಅಥವಾ ಸ್ಥಳೀಯ ಪ್ರಬಲ ಜಾತಿಯವರೂ ಮಾದರಿಯಾಗಬಹುದು. ಸಂಸ್ಕೃತಾನುಕರಣದಿಂದ ಜಾತಿಯ ಸ್ಥಾನ ಬದಲಾದೀತು, ವ್ಯವಸ್ಥೆಯ ರಚನೆ ಬದಲಾಗದು. ಈ ಒಂದು ವಾಕ್ಯ ಚೀಟಿಯ ಹಿಂದೆ ಇರಲೇಬೇಕು. ಕೊಡಗರ ಕುರಿತ ಅವರ ಪುಸ್ತಕ 1952ರದ್ದು. ರಾಂಪುರ ಎಂಬ ಹಳ್ಳಿಯಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯ 1948ರದ್ದು. ಇವೆರಡು ಇಸವಿ ಅದಲುಬದಲಾಗುವುದು ಮಾಮೂಲು.

ಕೊನೆಯ ವಾರ ಗಡಿಯಾರ ಇಟ್ಟುಕೊಂಡು ಬರೆಯಿರಿ. ಮೂರು ಗಂಟೆಗೆ 80 ಅಂಕವೆಂದರೆ ಹತ್ತು ಅಂಕದ ಉತ್ತರಕ್ಕೆ 20 ನಿಮಿಷ ಸಾಕು. ಬರೆದಾದ ಮೇಲೆ ಕೆಂಪು ಪೆನ್ನಿನಿಂದ ಪಾರಿಭಾಷಿಕ ಪದಗಳಿಗೆ ಮಾತ್ರ ಗೆರೆ ಎಳೆಯಿರಿ. ಯಾವ ಪ್ಯಾರಾದಲ್ಲಿ ಒಂದೂ ಗೆರೆ ಬೀಳಲಿಲ್ಲವೋ ಅದು ಹರಟೆ, ಮತ್ತೆ ಬರೆಯಿರಿ. ಊರಿನ ಉದಾಹರಣೆ ಎರಡು ಸಾಲು ದಾಟಬಾರದು. ಹಳ್ಳಿ, ಬಾವಿ, ಕುಲುಮೆ ನಿಮ್ಮ ನೆನಪಿಗಷ್ಟೇ; ಉತ್ತರದಲ್ಲಿ ಲಕ್ಷಣದ ಹೆಸರೇ ಇರಲಿ.