ಕ್ವಾರೊನ್‌ನ ಲಾಂಗ್ ಟೇಕ್ ನಕಲು ಮಾಡಲು ಹೋಗಿ

ಕತೆ ಏನು ಅಂತ ಗೊತ್ತಾಗುವ ಮೊದಲೇ ನನ್ನ ಕಿರುಚಿತ್ರದಲ್ಲಿ ಎಲ್ಲೂ ಕಟ್ ಇಲ್ಲದ ನಾಲ್ಕು ನಿಮಿಷದ ಒಂದೇ ಶಾಟ್, ಅಂದರೆ ಲಾಂಗ್ ಟೇಕ್, ಇರಬೇಕು ಅಂತ ತೀರ್ಮಾನ ಮಾಡಿದ್ದೆ. ಕಾರಣ ಮೆಕ್ಸಿಕೋದ ನಿರ್ದೇಶಕ ಅಲ್ಫೊನ್ಸೊ ಕ್ವಾರೊನ್. ಆತನ 'ಚಿಲ್ಡ್ರನ್ ಆಫ್ ಮೆನ್' (2006) ಚಿತ್ರದಲ್ಲಿ ಕಾರಿನ ಮೇಲೆ ದಾಳಿ ಆಗುವ ದೃಶ್ಯ ಇದೆಯಲ್ಲ, ಒಳಗೆ ಐದು ಜನ, ಅವರ ನಡುವೆಯೇ ಕ್ಯಾಮೆರಾ ತಿರುಗುತ್ತಿರುತ್ತದೆ, ಎಲ್ಲೂ ಕಟ್ ಆದಂತೆ ಕಾಣುವುದೇ ಇಲ್ಲ. ಅದಕ್ಕಾಗಿ ಅವರು ಕಾರನ್ನೇ ಬೇರೆ ಥರ ಕಟ್ಟಿದ್ದರು. ಕ್ಯಾಮೆರಾ ಬಂದಾಗ ಸೀಟು ವಾಲಿ ನಟರು ಪಕ್ಕಕ್ಕೆ ಸರಿಯುತ್ತಿದ್ದರು, ಕ್ಯಾಮೆರಾದವರು ಕಾರಿನ ಮೇಲೆ ಕೂತಿದ್ದರು. ನಮ್ಮ ಹತ್ತಿರ ಇದ್ದದ್ದು ಮಾವನ ಹಳೇ ಕಾರು, ಕ್ಯಾಮೆರಾ ಅಲುಗದಂತೆ ಹಿಡಿಯುವ ಬಾಡಿಗೆ ಗಿಂಬಲ್. ಹದಿನಾಲ್ಕು ಟೇಕ್ ತೆಗೆದೆವು. ಶಾಟ್ ಕೊನೆಗೂ ಬಂತು. ನೋಡಿದ ಗೆಳೆಯ ಕೇಳಿದ್ದು ಒಂದೇ, "ಇವರೆಲ್ಲ ಎಲ್ಲಿಗೆ ಹೋಗ್ತಿದ್ದಾರೆ?" ನನಗೂ ಗೊತ್ತಿರಲಿಲ್ಲ.

ಆಮೇಲೆ ಕ್ಯಾಮೆರಾ ಬದಿಗಿಟ್ಟು ಕ್ವಾರೊನ್ ಬಂದ ದಾರಿ ನೋಡಿದೆ. 1961ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಹುಟ್ಟಿದವನು. ಅಲ್ಲೇ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ, ಸಿನಿಮಾ ಎರಡನ್ನೂ ಓದಲು ಹೋಗಿ, ಸಿನಿಮಾ ಶಾಲೆಯಿಂದ ಹೊರಗೆ ಹಾಕಿಸಿಕೊಂಡ. ಛಾಯಾಗ್ರಾಹಕ ಎಮಾನ್ಯುಯೆಲ್ ಲುಬೆಜ್ಕಿ ಪರಿಚಯ ಆದದ್ದು ಆ ಶಾಲೆಯಲ್ಲೇ, ಅಷ್ಟು ಲಾಭ. ಮುಂದೆ ಟಿವಿ ಕೆಲಸ, ಸಹಾಯಕ ನಿರ್ದೇಶನ, 1991ರಲ್ಲಿ ತಮ್ಮ ಕಾರ್ಲೋಸ್ ಜತೆ ಬರೆದ ಮೊದಲ ಸಿನಿಮಾ, ಆಮೇಲೆ ಹಾಲಿವುಡ್. ಅಲ್ಲಿ 1998ರಲ್ಲಿ ಮಾಡಿದ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಬಗ್ಗೆ ಆತನಿಗೇ ಸಮಾಧಾನ ಇಲ್ಲ. ಮತ್ತೆ ತಮ್ಮನ ಜತೆ ಕೂತು ಸ್ಪ್ಯಾನಿಶ್‌ನಲ್ಲಿ ಬರೆದ, ಮೆಕ್ಸಿಕೋಗೆ ಬಂದು ತೆಗೆದ. ಅದು 'ಇ ತು ಮಾಮಾ ತಾಂಬಿಯೆನ್' (2001), ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕತೆಗೆ ಪ್ರಶಸ್ತಿ ಬಂತು.

ಈ ಚಿತ್ರ ನಾನು ಮೂರು ಸಲ ನೋಡಿದ್ದೇನೆ, ಮೂರನೇ ಸಲ ನೋಟ್‌ಬುಕ್ ಹಿಡಿದು. ಇಬ್ಬರು ಹುಡುಗರ ತುಂಟಾಟದ ಮಧ್ಯೆ ಇದ್ದಕ್ಕಿದ್ದಂತೆ ಶಬ್ದವೆಲ್ಲ ನಿಂತು ಒಂದು ದನಿ ಮಾತಾಡುತ್ತದೆ. ಅಪಘಾತದಲ್ಲಿ ಯಾರೋ ಸತ್ತು ಟ್ರಾಫಿಕ್ ಜಾಮ್ ಆಗಿದೆ, ಹುಡುಗರಿಗೆ ಬೇಜಾರು. ಆ ದನಿ ಹೇಳುತ್ತದೆ, ಸತ್ತವನು ವಲಸೆ ಬಂದ ಗಾರೆ ಕೆಲಸದವನು, ಸೇತುವೆ ಬಳಸಿದರೆ ಎರಡು ಕಿಲೋಮೀಟರ್ ಜಾಸ್ತಿ ನಡೆಯಬೇಕು ಅಂತ ರಸ್ತೆ ದಾಟಲು ಹೋಗಿದ್ದ. ಅಷ್ಟೇ, ಕತೆ ಮುಂದಕ್ಕೆ ಹೋಗುತ್ತದೆ. ಲಾಂಗ್ ಟೇಕ್‌ಗಿಂತ ಇದನ್ನು ಕದಿಯೋದು ಕಷ್ಟ, ಯಾಕೆಂದರೆ ಇದಕ್ಕೆ ಉಪಕರಣ ಬಾಡಿಗೆಗೆ ಸಿಗಲ್ಲ.

ನಡುವೆ ಹ್ಯಾರಿ ಪಾಟರ್ ಚಿತ್ರ ಒಂದು, 'ಗ್ರಾವಿಟಿ' (2013), ಅದಕ್ಕೆ ನಿರ್ದೇಶನದ ಆಸ್ಕರ್. ಅವು ಎಲ್ಲರಿಗೂ ಗೊತ್ತು, ಬಿಡಿ. ನನಗೆ ಬೇಕಾಗಿದ್ದದ್ದು 'ರೋಮಾ' (2018). ಒಂಬತ್ತು ತಿಂಗಳ ಮಗುವಾಗಿದ್ದಾಗಿನಿಂದ ತನ್ನನ್ನು ಸಾಕಿದ, ಮನೆಕೆಲಸದ ಲಿಬೊ ಎಂಬಾಕೆಯ ಕತೆ. ಬರೆಯುವ ಮೊದಲು ಆಕೆಯನ್ನೇ ಕೂರಿಸಿಕೊಂಡು ಸಣ್ಣ ಸಣ್ಣ ವಿಷಯ ಕೇಳಿದ್ದಾನೆ. ಆದರೂ ಚಿತ್ರದಲ್ಲಿ ಲಿಬೊಳನ್ನು ಆಧರಿಸಿದ ಕ್ಲಿಯೊ ಪಾತ್ರ ಹೆಚ್ಚು ಮಾತೇ ಆಡುವುದಿಲ್ಲ ಅಂತ ಕೆಲವು ವಿಮರ್ಶಕರು ಆಕ್ಷೇಪಿಸಿದರು. ಅವರು ಹೇಳೋದರಲ್ಲೂ ಸ್ವಲ್ಪ ನಿಜ ಇದೆ ಅನಿಸುತ್ತದೆ ನನಗೆ.

ನಮ್ಮ ತುಮಕೂರಿನ ಮನೆಯಲ್ಲೂ ಒಬ್ಬರು ಅಕ್ಕ ಇದ್ದರು, ಹತ್ತೊಂಬತ್ತು ವರ್ಷ ಕೆಲಸಕ್ಕೆ ಬಂದವರು. ಅವರ ಮೇಲೆ ಬರೆದೆ. ಅಮ್ಮ ಹಬ್ಬಕ್ಕೆ ಸೀರೆ ಕೊಡುವುದು, ಅಕ್ಕ ಕಣ್ಣು ಒರೆಸಿಕೊಳ್ಳುವುದು, ಹೀಗೆ. ಬರೆದದ್ದನ್ನು ಹಿಡಿದು ಅವರ ಮಗಳ ಮನೆಗೆ ಹೋದೆ. ಸೀರೆ ಅಕ್ಕನಿಗೆ ನೆನಪೇ ಇರಲಿಲ್ಲ. ನೆನಪಿದ್ದದ್ದು ನಮ್ಮ ಸಂಪಿನಿಂದ ದಿನಕ್ಕೆ ಎಷ್ಟು ಬಕೆಟ್ ಸೇದುತ್ತಿದ್ದರು ಅನ್ನೋದು, ಮಗನಿಗೆ ಜ್ವರ ಬಂದ ದಿನವೂ ನಮ್ಮನೆಗೆ ನೆಂಟರು ಬಂದಿದ್ದರಿಂದ ರಾತ್ರಿ ಎಂಟರವರೆಗೆ ಇದ್ದದ್ದು. ನನ್ನ ಹನ್ನೆರಡು ಪುಟದಲ್ಲಿ ಅಕ್ಕನ ಮನೆಯ ಒಂದೇ ಒಂದು ದೃಶ್ಯ ಇರಲಿಲ್ಲ. ಎಂಟು ಪುಟ ಹರಿದು ಹಾಕಿದೆ.

ಶೂಟಿಂಗ್‌ನಲ್ಲಿ ಇನ್ನೊಂದು ಪ್ರಯೋಗ. 'ರೋಮಾ' ನಟರಿಗೆ ಪೂರ್ತಿ ಸ್ಕ್ರಿಪ್ಟ್ ಕೊಡದೆ, ಅವತ್ತಿನ ದೃಶ್ಯ ಅವತ್ತೇ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಥರ ಸೂಚನೆ ಕೊಟ್ಟು ತೆಗೆದದ್ದು. ನಾನೂ ಅಮ್ಮನಿಗೆ "ಅವಳನ್ನು ಬೇಗ ಕಳಿಸಿಬಿಡು" ಅಂದೆ, ಅಕ್ಕನ ಪಾತ್ರ ಮಾಡಿದ ಚಿಕ್ಕಪ್ಪನ ಮಗಳಿಗೆ "ಸಾಲ ಸಿಗೋವರೆಗೆ ಹೋಗಬೇಡ" ಅಂದೆ. ಎರಡು ನಿಮಿಷ ಅದ್ಭುತವಾಗಿ ನಡೆಯಿತು. ಆಮೇಲೆ ಅಮ್ಮ ಸೀದಾ ಕ್ಯಾಮೆರಾ ನೋಡಿ, "ಏನೋ ಇದು, ದುಡ್ಡಿನ ವಿಷಯ ನೀನು ಹೇಳೇ ಇರಲಿಲ್ವಲ್ಲ!" ಆ ಎರಡು ನಿಮಿಷ ಮಾತ್ರ ಇಟ್ಟುಕೊಂಡಿದ್ದೇನೆ, ಕಟ್ ಮಾಡದೆ.

ಎಡಿಟ್ ಆದಮೇಲೆ ಅಕ್ಕನಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಕೊನೆವರೆಗೂ ಸುಮ್ನೆ ನೋಡಿದರು. "ನೆಲ ಒರೆಸುವಾಗ ಹಿಂದಕ್ಕೆ ಬರಬೇಕು ಕಣಪ್ಪ, ಇವಳು ಮುಂದಕ್ಕೆ ಹೋಗ್ತಿದ್ದಾಳೆ. ಹೆಜ್ಜೆ ಗುರುತು ಬೀಳಲ್ವಾ?" ಅಂದರು. ಮುಂದಿನ ಭಾನುವಾರ ಆ ಶಾಟ್ ಮತ್ತೆ ತೆಗೆದೆವು.